ಕಡಲಿಗೆ ಇಳಿಯುವ ಮುನ್ನ

(ಬಾನುಲಿ ಭಾಷಣ)

ಪೋರ್ಟ್ ಆಫ್ ಸ್ಪೇನ್ ಎಂಬ ಊರಿನ ಹೆಸರು ನನ್ನ ಕಿವಿಗೆ ಮೊತ್ತಮೊದಲು ಬಿದ್ದದ್ದು ಬಾನುಲಿಯ ಮೂಲಕವೇ. ಅದು ೧೯೭೬ರ ಏಪ್ರಿಲ್ ತಿಂಗಳು. ನಾನಾಗ ಪಿ.ಯು.ಸಿ. ವಿದ್ಯಾರ್ಥಿ. ಕ್ರಿಕೆಟ್ ಪಂದ್ಯದ ನಾಲ್ಕನೆಯ ಸರದಿಯಲ್ಲಿ ೪೦೩ ರನ್ನುಗಳ ಗುರಿಯನ್ನು ಬೆನ್ನಟ್ಟಿದ ಭಾರತ, ವೆಸ್ಟ್ ಇಂಡೀಸ್ ತಂಡವನ್ನು ಅವರ ನೆಲದಲ್ಲೇ ಸೋಲಿಸಿತ್ತು. ನಮ್ಮ ಭದ್ರಾವತಿಯ ವಿಶ್ವನಾಥರು ೧೧೨ ರನ್ ಹೊಡೆದಿದ್ದರು. ಬೆಳಗಿನ ವಾರ್ತೆಯಲ್ಲಿ ಇದನ್ನು ಕೇಳಿದ ನಾನು ಅಣ್ಣನ ನಕಾಶೆಪುಸ್ತಕ ತೆಗೆದು ಆ ಊರನ್ನು ಹುಡುಕಿದೆ. ದಕ್ಷಿಣ ಅಮೆರಿಕದ ನೆತ್ತಿಯ ಬಳಿ, ವೆನಿಜ಼ುವೆಲಾ ದೇಶದಿಂದ ಕಳಚಿಬಿದ್ದ ಚೂರಿನಂತೆ ಒಂದು ದ್ವೀಪವಿತ್ತು. ಅದರ ಹೆಸರು ಟ್ರಿನಿಡಾಡ್. ಅದರ ಈಶಾನ್ಯಕ್ಕೆ ಇನ್ನೂ ಚಿಕ್ಕದೊಂದು, ಟೊಬೇಗೊ. ಬೆರಳಿಟ್ಟು ನೋಡಿ ಪುಸ್ತಕ ಮುಚ್ಚಿದೆ. ಅಲ್ಲಿಗೆ ಹೋಗುವ ಯೋಚನೆ ಬರಲು ಐವತ್ತು ವರ್ಷ ಬೇಕಾಯಿತು.

ಯೋಚನೆ ನನ್ನದಲ್ಲ, ಮಗಳದು. ಟೊರಾಂಟೋದಲ್ಲಿರುವ ಅವಳು ಫೋನ್ ಮಾಡಿ, "ಅಪ್ಪ, ಈ ಸಾರಿ ನೀವಿಬ್ಬರೂ ಇಲ್ಲಿ ಬಂದು ಮನೆಯೊಳಗೆ ಕೂತು ಚಳಿ ಎಣಿಸುವುದು ಬೇಡ. ಎಲ್ಲರೂ ಕೂಡಿ ಒಂದು ಬಿಸಿಲಿನ ದ್ವೀಪಕ್ಕೆ ಹೋಗೋಣ. ಒಳ್ಳೆಯ ಹೋಟೆಲು, ಎದುರಿಗೇ ಕಡಲು, ಊಟತಿಂಡಿ ಎಲ್ಲವೂ ಅಲ್ಲೇ" ಎಂದಳು. ನಾನು ತಕ್ಷಣ ಟ್ರಿನಿಡಾಡಿನ ಹೆಸರು ಹೇಳಿದೆ. ಹೇಳಿದ ಮೇಲೆ ಮೇಷ್ಟರ ಚಾಳಿ ಬಿಡಲಿಲ್ಲ. ನಾಲ್ಕು ಹಾಳೆ ತೆಗೆದುಕೊಂಡು ವೇಳಾಪಟ್ಟಿ ಬರೆಯಲು ಕುಳಿತೆ. ನೋಡತಕ್ಕ ಮನೆಗಳು, ಗುಡಿಗಳು, ವಸ್ತುಸಂಗ್ರಹಾಲಯಗಳು, ಸಾಹಿತಿಗಳು ಹುಟ್ಟಿದ ಬೀದಿಗಳು. ಹದಿನೈದು ದಿನಕ್ಕೆ ಮೂವತ್ತೆಂಟು ಸ್ಥಳಗಳಾದವು. ಮನೆಯಾಕೆ ಹಾಳೆಗಳನ್ನು ಪೂರ್ತಿ ಓದಿ, "ಅಲ್ಲಾ, ಇದು ಪ್ರವಾಸವೋ ಪರೀಕ್ಷೆಯೋ? ಇದರಲ್ಲಿ ಕಡಲೆಲ್ಲಿದೆ?" ಎಂದು ಕೇಳಿದಳು.

ಕಡಲನ್ನು ನಾನು ಮರೆತೇಬಿಟ್ಟಿದ್ದೆ. ಬಯಲುಸೀಮೆಯವನಿಗೆ ಕಡಲೆಂದರೆ ದಡದಲ್ಲಿ ನಿಂತು ನೋಡುವ ಚಿತ್ರ. ಆಕೆ ಹೊನ್ನಾವರದ ಕಡೆಯವಳು. ಹುಟ್ಟಿದಂದಿನಿಂದ ಅಲೆಯ ಸದ್ದು ಕೇಳಿ ಬೆಳೆದವಳು, ಆದರೂ ಕಡಲಿಗೆ ಇಳಿದದ್ದು ಅಮಾವಾಸ್ಯೆಯ ಸಮುದ್ರಸ್ನಾನಕ್ಕೆ ಮಾತ್ರ. ಅದೂ ಅಜ್ಜಿಯ ಕೈ ಹಿಡಿದು, ಸಂಕಲ್ಪ ಮಾಡಿ, ಮೂರು ಮುಳುಗು ಹಾಕಿ ಎದ್ದುಬರಬೇಕು. ಸುಮ್ಮನೆ, ಸಂತೋಷಕ್ಕಾಗಿ, ಹೊತ್ತು ಹೋಗುವವರೆಗೆ ನೀರಿನಲ್ಲಿ ಇರುವುದೆಂಬುದು ಆಕೆಯ ಅರವತ್ತನಾಲ್ಕು ವರ್ಷದ ಬಾಳಿನಲ್ಲಿ ನಡೆದೇ ಇಲ್ಲ. ಈ ವಯಸ್ಸಿನಲ್ಲಿ ಅಷ್ಟು ದೂರದ ಪ್ರಯಾಣ ಎರಡನೆಯ ಸಲ ಕೂಡಿಬರುವುದಿಲ್ಲ. ಆದ್ದರಿಂದ ವೇಳಾಪಟ್ಟಿ ಹರಿದುಹಾಕಿ ಮತ್ತೆ ಕುಳಿತೆವು. ಇವತ್ತು ನಾನು ಹೇಳಹೊರಟಿರುವುದು ಕಂಡುಬಂದ ದೇಶದ ಕಥೆಯಲ್ಲ. ಕಾಣಲಿರುವ ದೇಶಕ್ಕೆ ಹೇಗೆ ಸಿದ್ಧರಾದೆವು ಎಂಬ ಕಥೆ. ಸಿದ್ಧತೆಯೂ ಒಂದು ಬಗೆಯ ಯಾತ್ರೆಯೇ.

ಮೊದಲು ಆ ದ್ವೀಪದ ಪರಿಚಯ. ಟ್ರಿನಿಡಾಡಿನ ವಿಸ್ತಾರ ಸುಮಾರು ೪,೮೦೦ ಚದರ ಕಿಲೋಮೀಟರು. ಟೊಬೇಗೊ ಸುಮಾರು ೩೦೦. ಎರಡೂ ಸೇರಿದ ರಾಷ್ಟ್ರದ ಜನಸಂಖ್ಯೆ ಹದಿನಾಲ್ಕು ಲಕ್ಷದಷ್ಟು. ೧೪೯೮ರಲ್ಲಿ ಕೊಲಂಬಸ್ ಅಲ್ಲಿಗೆ ಬಂದ. ಅವನು ಬರುವ ಮೊದಲೇ ಅಲ್ಲಿ ಜನರಿದ್ದರು. ಸ್ಪೇನಿನವರು ಆಳಿದರು, ಫ್ರೆಂಚ್ ತೋಟಗಾರರು ನೆಲೆಸಿದರು, ೧೭೯೭ರಲ್ಲಿ ಇಂಗ್ಲಿಷರು ಹಿಡಿದರು. ಕಬ್ಬಿನ ತೋಟಗಳಲ್ಲಿ ದುಡಿಯಲು ಆಫ್ರಿಕದಿಂದ ಜನರನ್ನು ಸಂಕೋಲೆ ಹಾಕಿ ತಂದರು. ೧೮೩೪ರಲ್ಲಿ ಕಾಯಿದೆಯಿಂದಲೂ ೧೮೩೮ರಲ್ಲಿ ನಿಜವಾಗಿಯೂ ಆ ಗುಲಾಮಗಿರಿ ಮುಗಿದಾಗ, ತೋಟದ ದೊರೆಗಳ ಕಣ್ಣು ನಮ್ಮ ದೇಶದ ಮೇಲೆ ಬಿತ್ತು. ೧೮೪೫ರ ಫೆಬ್ರವರಿಯಲ್ಲಿ ಕಲ್ಕತ್ತೆಯಿಂದ ಹೊರಟ 'ಫತೇಲ್ ರಜ಼ಾಕ್' ಎಂಬ ಹಾಯಿಹಡಗು ಮೂರು ತಿಂಗಳಿಗೂ ಹೆಚ್ಚು ಕಾಲ ತೇಲಿ ಮೇ ೩೦ರಂದು ಆ ದಡ ಮುಟ್ಟಿತು. ಅದರಲ್ಲಿದ್ದವರು ಇನ್ನೂರಿಪ್ಪತ್ತೈದರಷ್ಟು ಮಂದಿ. ೧೯೧೭ರಲ್ಲಿ ಈ ಕರಾರು ಕೂಲಿಯ ಪದ್ಧತಿ ನಿಲ್ಲುವ ಹೊತ್ತಿಗೆ ಹಾಗೆ ಹೋದವರು ಸುಮಾರು ೧,೪೪,೦೦೦. ಹೆಚ್ಚಿನವರು ಬಿಹಾರ ಮತ್ತು ಔಧ್ ಸೀಮೆಯವರು. ಸ್ವಲ್ಪಮಂದಿ ಮದರಾಸಿನಿಂದ ಹಡಗು ಹತ್ತಿದವರು. ಐದು ವರ್ಷದ ಕರಾರಿಗೆಂದು ಹೋದವರಲ್ಲಿ ಬಹುಪಾಲು ಜನ ಮರಳಲಿಲ್ಲ. ೨೦೧೧ರ ಜನಗಣತಿಯ ಪ್ರಕಾರ ಆ ನಾಡಿನಲ್ಲಿ ನೂರಕ್ಕೆ ಮೂವತ್ತೈದು ಮಂದಿ ಭಾರತೀಯ ಮೂಲದವರು, ಮೂವತ್ತನಾಲ್ಕು ಮಂದಿ ಆಫ್ರಿಕ ಮೂಲದವರು, ಉಳಿದವರಲ್ಲಿ ಬೆರಕೆ ರಕ್ತದವರೇ ಹೆಚ್ಚು.

ಇಷ್ಟು ಓದಿಕೊಂಡು ನಾನು ಪಂಡಿತನಾದೆನೆಂದು ಭ್ರಮಿಸಿದ್ದೆ. ಮಗಳ ಆಫೀಸಿನಲ್ಲಿ ಟ್ರಿನಿಡಾಡಿನ ಹೆಣ್ಣುಮಗಳೊಬ್ಬಳು ಕೆಲಸ ಮಾಡುತ್ತಾಳೆ. ಒಂದು ಸಂಜೆ ಮಗಳು ಆಕೆಯನ್ನು ಫೋನಿನಲ್ಲಿ ಮಾತಾಡಿಸಿದಳು. ನಾನು ಉತ್ಸಾಹದಿಂದ, ನಿಮ್ಮ ಮೂಲ ಊರು ಯಾವುದಮ್ಮ, ಯಾವ ಜಿಲ್ಲೆ, ಮನೆಯಲ್ಲಿ ಭೋಜಪುರಿ ಮಾತಾಡುತ್ತೀರಾ ಎಂದು ಒಂದರ ಮೇಲೊಂದು ಪ್ರಶ್ನೆ ಹಾಕಿದೆ. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ನನ್ನ ಊರು ಕೂವಾ. ನಮ್ಮ ಅಜ್ಜಿಯ ಊರೂ ಕೂವಾ. ಅದಕ್ಕಿಂತ ಹಿಂದಿನದನ್ನು ನಮಗೆ ಯಾರೂ ಹೇಳಿಹೋಗಲಿಲ್ಲ" ಎಂದಳು. ಕೂವಾ ಎಂಬುದು ಆ ದ್ವೀಪದ ಪಶ್ಚಿಮದಲ್ಲಿ ಕಬ್ಬು ಬೆಳೆಯುತ್ತಿದ್ದ ಸೀಮೆಯ ಒಂದು ಪಟ್ಟಣ. ನನಗೆ ನಾಚಿಕೆಯಾಯಿತು. ಯಾರದೋ ಮನೆಗೆ ಅತಿಥಿಯಾಗಿ ಹೊರಟವನು, ಆ ಮನೆಯವರನ್ನೇ "ನಿಮ್ಮ ನಿಜವಾದ ಮನೆ ಎಲ್ಲಿ?" ಎಂದು ಕೇಳಿದಂತಾಗಿತ್ತು. ಪ್ರವಾಸದ ಸಿದ್ಧತೆಯಲ್ಲಿ ನಾನು ಕಲಿತ ಮೊದಲ ಪಾಠ ಇದು: ಹೋದಲ್ಲಿ ನಮ್ಮವರನ್ನು ಹುಡುಕಬಾರದು, ಅಲ್ಲಿಯವರನ್ನು ನೋಡಬೇಕು.

ಎರಡನೆಯದು, ಯಾವಾಗ ಹೋಗಬೇಕೆಂಬ ಪ್ರಶ್ನೆ. ಪ್ರವಾಸದ ಕಂಪನಿಗಳು ಮೊದಲು ಹೋಟೆಲನ್ನು ಕಾದಿರಿಸಿರಿ ಎನ್ನುತ್ತವೆ. ನನ್ನ ಸಲಹೆ, ಮೊದಲು ಆ ನಾಡಿನ ಪಂಚಾಂಗವನ್ನು ನೋಡಿರಿ. ಟ್ರಿನಿಡಾಡಿನಲ್ಲಿ ಜನವರಿಯಿಂದ ಮೇವರೆಗೆ ಒಣಹವೆ, ಜೂನಿನಿಂದ ಡಿಸೆಂಬರಿನವರೆಗೆ ಮಳೆ. ಕೆರಿಬಿಯನ್ ಸೀಮೆಯ ಚಂಡಮಾರುತಗಳ ಹಾದಿಗಿಂತ ದಕ್ಷಿಣದಲ್ಲಿರುವ ಕಾರಣ ಅವುಗಳ ಹೊಡೆತ ಅಪರೂಪ. ಆದರೂ ೧೯೬೩ರಲ್ಲಿ ಟೊಬೇಗೊ ಅಂಥದೊಂದು ಬಿರುಗಾಳಿಯಿಂದ ನೆಲಕಚ್ಚಿತ್ತು.

ಒಣಹವೆಯ ಕಾಲದ ದೊಡ್ಡ ಉತ್ಸವ ಕಾರ್ನಿವಲ್. ಈಸ್ಟರಿಗೆ ಮುಂಚಿನ ಉಪವಾಸಕಾಲ ಆರಂಭವಾಗುವ ಬುಧವಾರದ ಹಿಂದಿನ ಸೋಮವಾರ, ಮಂಗಳವಾರ ಅದು ನಡೆಯುತ್ತದೆ. ನಮ್ಮ ತಿಥಿಗಳಂತೆ ಅದರ ದಿನಾಂಕವೂ ವರ್ಷವರ್ಷಕ್ಕೆ ಸರಿಯುತ್ತದೆ. ಅದರ ವಾರಗಳ ಮುಂಚಿನಿಂದಲೇ ವಾದ್ಯದ ಅಂಗಳಗಳಲ್ಲಿ ರಾತ್ರಿಯಿಡೀ ಅಭ್ಯಾಸ. ಮಾರ್ಚಿನಿಂದ ಆಗಸ್ಟಿನವರೆಗೆ ಇನ್ನೊಂದು ಸೋಜಿಗ: ದ್ವೀಪದ ಈಶಾನ್ಯದ ಗ್ರಾಂಡ್ ರಿವಿಯೆರ್ ಮತ್ತು ಮಟೂರಾ ತೀರಗಳಿಗೆ ದೈತ್ಯಾಕಾರದ ಕಡಲಾಮೆಗಳು ರಾತ್ರಿಯಲ್ಲಿ ಮೊಟ್ಟೆಯಿಡಲು ಬರುತ್ತವೆ, ಅನುಮತಿ ಪಡೆದು, ಸ್ಥಳೀಯ ಮಾರ್ಗದರ್ಶಿಗಳ ಜೊತೆ, ದೀಪವಿಲ್ಲದೆ ನೋಡಬೇಕು. ಮೇ ೩೦, ಮೊದಲ ಹಡಗು ಬಂದ ದಿನ, ಅಲ್ಲಿ ಸಾರ್ವಜನಿಕ ರಜೆ. ಸೆಪ್ಟೆಂಬರ್ ಅಕ್ಟೋಬರಿನಲ್ಲಿ ಹಳ್ಳಿಗಳ ಬಯಲಿನಲ್ಲಿ ರಾಮಲೀಲೆ. ಆಮೇಲೆ ದೀಪಾವಳಿ, ಅದಕ್ಕೂ ಸರಕಾರಿ ರಜೆ.

ಇವೆಲ್ಲವನ್ನೂ ಒಂದೇ ಪ್ರಯಾಣದಲ್ಲಿ ನೋಡುವುದು ಸಾಧ್ಯವಿಲ್ಲ. ಎಲ್ಲವನ್ನೂ ನೋಡುತ್ತೇನೆಂಬವನು ಏನನ್ನೂ ನೋಡದೆ ಬರುತ್ತಾನೆ. ಕಾರ್ನಿವಲ್ಲಿನ ಜನಜಾತ್ರೆಯಲ್ಲಿ ಇಡೀ ರಾತ್ರಿ ನಿಲ್ಲುವ ಮೊಣಕಾಲು ನಮ್ಮಿಬ್ಬರಿಗೂ ಇಲ್ಲ. ಕೊನೆಗೆ ತೀರ್ಮಾನಿಸಿದ್ದು ಆಕೆಯೇ: "ದೀಪಾವಳಿಯಿಂದ ಕಾರ್ತಿಕದ ಹುಣ್ಣಿಮೆಗೆ ಹದಿನೈದು ದಿನ. ನಮಗಿರುವುದೂ ಹದಿನೈದು ದಿನ." ಅದು ಮಳೆಗಾಲ ಎಂದೆ. "ಹೊನ್ನಾವರದವಳಿಗೆ ಮಳೆಯ ಹೆದರಿಕೆ ಹೇಳುತ್ತೀರಾ?" ಎಂದಳು. ಅಲ್ಲಿಗೆ ಮಾತು ಮುಗಿಯಿತು.

ಇನ್ನು ದಾರಿಯ ವಿಚಾರ. ನಮ್ಮ ದೇಶದಿಂದ ನೇರ ವಿಮಾನವಿಲ್ಲ. ಲಂಡನ್ನಿನ ಮೇಲೋ ಉತ್ತರ ಅಮೆರಿಕದ ಮೇಲೋ ಹೋಗಬೇಕು. ದಾರಿಯ ದೇಶಗಳ ವೀಸಾ ನಿಯಮಗಳನ್ನು ಟಿಕೆಟ್ ಕೊಳ್ಳುವ ಮೊದಲೇ ವಿಚಾರಿಸುವುದು ಲೇಸು. ನಮಗೆ ಟೊರಾಂಟೋ ದಾರಿ ಅನುಕೂಲ. ಬಹುಮಂದಿಗೆ ತಿಳಿಯದ ಒಂದು ಮಾತಿದೆ. ಟ್ರಿನಿಡಾಡಿನಿಂದ ಭಾರತಕ್ಕೆ ಬರುವವರಲ್ಲಿ ಹಳದಿಜ್ವರದ ಚುಚ್ಚುಮದ್ದಿನ ಪ್ರಮಾಣಪತ್ರ ಇರಬೇಕೆಂದು ನಮ್ಮ ಸರಕಾರ ವಿಧಿಸುತ್ತದೆ. ಇಲ್ಲವಾದರೆ ಬಂದಿಳಿದವರನ್ನು ಕೆಲವು ದಿನ ಪ್ರತ್ಯೇಕವಾಗಿ ಇರಿಸಬಹುದು. ಚುಚ್ಚುಮದ್ದು ಹಾಕಿಸಿಕೊಂಡು ಹತ್ತು ದಿನ ಕಳೆದ ಮೇಲೆಯೇ ಪತ್ರಕ್ಕೆ ಬೆಲೆ. ಅರವತ್ತು ದಾಟಿದವರಿಗೆ ಈ ಮದ್ದಿನಿಂದ ತೊಂದರೆಯಾಗುವ ಸಂಭವ ಸ್ವಲ್ಪ ಹೆಚ್ಚಾದ್ದರಿಂದ ವೈದ್ಯರನ್ನು ಕೇಳದೆ ಹಾಕಿಸಿಕೊಳ್ಳಬಾರದು. ನಮ್ಮ ವೈದ್ಯರು ನಮ್ಮಿಬ್ಬರನ್ನೂ ಪರೀಕ್ಷಿಸಿ ಒಪ್ಪಿಗೆ ಕೊಟ್ಟ ದಿನವೇ ನನಗೆ ಈ ಪ್ರವಾಸ ನಿಜವೆನಿಸಿದ್ದು.

ಇನ್ನೊಂದು ಮಾತನ್ನೂ ಮರೆಮಾಚಬಾರದು. ಕೊಲೆ ಸುಲಿಗೆಗಳ ಹಾವಳಿ ಆ ನಾಡನ್ನು ಕಾಡಿದೆ. ೨೦೨೪ರ ಡಿಸೆಂಬರಿನಲ್ಲೂ ೨೦೨೫ರ ಜುಲೈನಲ್ಲೂ ಅಲ್ಲಿ ತುರ್ತು ಪರಿಸ್ಥಿತಿಯನ್ನು ಘೋಷಿಸಬೇಕಾಯಿತು. ಹೊರಡುವ ಮುಂಚೆ ಸ್ಥಿತಿಗತಿ ವಿಚಾರಿಸಬೇಕು, ಕತ್ತಲಾದ ಮೇಲೆ ಅಪರಿಚಿತ ಬೀದಿಗಳಲ್ಲಿ ಅಲೆಯಬಾರದು, ನಂಬಿಕೆಯ ಕಾರು ಗೊತ್ತುಮಾಡಿಕೊಳ್ಳಬೇಕು. ಇಷ್ಟು ಎಚ್ಚರ ಸಾಕು.

ಈಗ ನಮ್ಮ ಹೊಸ ವೇಳಾಪಟ್ಟಿ. ಮೊದಲ ದಿನ ಬಿಡುವು. ಪಾರಿಯಾ ಕೊಲ್ಲಿಯಲ್ಲಿ ನೆಲ್ಸನ್ ಎಂಬ ಪುಟ್ಟ ದ್ವೀಪವಿದೆ. ಎರಡನೆಯ ದಿನ ಅಲ್ಲಿಗೆ. ೧೮೬೬ರಿಂದ ಭಾರತದ ಕೂಲಿಗಳನ್ನು ಮೊದಲು ಇಳಿಸಿ, ರೋಗರುಜಿನಗಳ ತಪಾಸಣೆ ಮಾಡಿ, ತೋಟಗಳಿಗೆ ಹಂಚುತ್ತಿದ್ದುದು ಅಲ್ಲಿ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಕಾರ್ಮಿಕ ನಾಯಕ ಬಟ್ಲರನನ್ನು ಬಂಧಿಸಿಟ್ಟದ್ದೂ ಅಲ್ಲಿಯೇ. ದೋಣಿಯಲ್ಲಿ ಹೋಗಿಬರುವ ಏರ್ಪಾಡನ್ನು ಅಲ್ಲಿಯ ನ್ಯಾಷನಲ್ ಟ್ರಸ್ಟ್ ಮಾಡುತ್ತದೆ. ಕಡಲಸ್ನಾನಕ್ಕೆ ಮೊದಲೇ ಇದನ್ನಿಟ್ಟುಕೊಂಡದ್ದು ಬೇಕೆಂದೇ. ನಮಗೆ ವಿಹಾರವಾಗಲಿರುವ ನೀರು ಇನ್ನೊಬ್ಬರಿಗೆ ಏನಾಗಿತ್ತೆಂದು ತಿಳಿದು ಆಮೇಲೆ ಇಳಿಯಬೇಕು.

ಮೂರನೆಯ ದಿನದಿಂದ ಶಗ್ವಾನಸ್ ಪಟ್ಟಣದ ಕಡೆ. ೧೯೩೨ರಲ್ಲಿ ವಿ. ಎಸ್. ನೈಪಾಲ್ ಹುಟ್ಟಿದ್ದು ಅಲ್ಲಿ. ಅವರ ತಾಯಿಯ ತಂದೆ ಕಟ್ಟಿಸಿದ 'ಲಯನ್ ಹೌಸ್' ಎಂಬ ಬಿಳಿಯ ಮನೆ ಮುಖ್ಯಬೀದಿಯಲ್ಲಿ ಇಂದಿಗೂ ನಿಂತಿದೆ. ೧೯೬೧ರಲ್ಲಿ ಬಂದ 'ಎ ಹೌಸ್ ಫಾರ್ ಮಿಸ್ಟರ್ ಬಿಸ್ವಾಸ್' ಕಾದಂಬರಿಯ ಹನುಮಾನ್ ಹೌಸಿಗೆ ಇದೇ ಮಾದರಿ. ಹೆಂಡತಿಯ ಮನೆಯವರ ಹಂಗಿನಲ್ಲಿ ಬಾಳಲಾರದೆ ಸ್ವಂತ ಸೂರಿಗಾಗಿ ತಳಮಳಿಸಿದ ಒಬ್ಬ ಬಡ ಪತ್ರಕರ್ತನ ಕಥೆ ಅದು. ಲೇಖಕರ ತಂದೆಯೇ ಅದರ ಮೂಲ. ಹತ್ತಿರದಲ್ಲೇ ಫೆಲಿಸಿಟಿ ಎಂಬ ಹಳ್ಳಿ. ಸೇಂಟ್ ಲೂಸಿಯಾ ದ್ವೀಪದ ಕವಿ ಡೆರೆಕ್ ವಾಲ್ಕಾಟ್ ೧೯೯೨ರಲ್ಲಿ ನೊಬೆಲ್ ಭಾಷಣವನ್ನು ಆರಂಭಿಸಿದ್ದು ಈ ಹಳ್ಳಿಯ ರಾಮಲೀಲೆಯಿಂದ. ನಾಟಕವೆಂದುಕೊಂಡು ನೋಡಲು ಹೋದ ಅವರಿಗೆ, ಆಡುತ್ತಿದ್ದವರು ನಟರಲ್ಲ, ನಂಬಿದವರು ಎಂಬುದು ಹೊಳೆಯಿತು. ಕಳೆದುಹೋದದ್ದಕ್ಕೆ ಮರುಗುವ ಹೊರಗಿನವನ ಕಣ್ಣು ತನ್ನದಾಗಿತ್ತೆಂದು ಅವರು ಒಪ್ಪಿಕೊಂಡರು. ನೊಬೆಲ್ ಪಡೆದ ಕವಿಯೂ ನನ್ನ ತಪ್ಪನ್ನೇ ಮಾಡಿದ್ದನೆಂದು ತಿಳಿದು ನನಗೆ ಸ್ವಲ್ಪ ಸಮಾಧಾನವಾಯಿತು. ನಾವು ಹೋಗುವಾಗ ರಾಮಲೀಲೆ ಮುಗಿದಿರುತ್ತದೆ. ಆದರೆ ಬಿದಿರನ್ನು ಸೀಳಿ, ಬಾಗಿಸಿ, ಕಮಾನು ಕಟ್ಟಿ, ಅದರುದ್ದಕ್ಕೂ ಹಣತೆ ಹಚ್ಚುವ ದೀಪಾವಳಿ ಅದೇ ಹಳ್ಳಿಯಲ್ಲಿ ಇರುತ್ತದೆ.

ಅಲ್ಲಿಂದ ವಾಟರ್‌ಲೂ ತೀರದ ಕಡಲಗುಡಿಗೆ. ಸಿವದಾಸ್ ಸಾಧು ಎಂಬ ಕಬ್ಬಿನ ತೋಟದ ಕೂಲಿಯೊಬ್ಬ ೧೯೪೭ರಲ್ಲಿ ದಡದ ಮೇಲೆ ಒಂದು ಗುಡಿ ಕಟ್ಟಿದ. ನೆಲ ಸಕ್ಕರೆ ಕಂಪನಿಯದು. ಅವನಿಗೆ ದಂಡ ಹಾಕಿದರು, ಸೆರೆಗೆ ಹಾಕಿದರು, ೧೯೫೨ರಲ್ಲಿ ಗುಡಿಯನ್ನು ಕೆಡವಿದರು. ನೆಲ ನಿಮ್ಮದಾದರೆ ಕಡಲು ಯಾರದೂ ಅಲ್ಲವಲ್ಲ ಎಂದು ಅವನು ಸೈಕಲ್ಲಿನಲ್ಲಿ ಕಲ್ಲು, ಸಿಮೆಂಟು ಹೊತ್ತು, ಇಳಿತದ ಹೊತ್ತಿನಲ್ಲಿ ನೀರೊಳಗೆ ದಿಬ್ಬ ಎಬ್ಬಿಸಿ, ವರ್ಷಗಟ್ಟಲೆ ಒಬ್ಬನೇ ಮತ್ತೊಂದು ಗುಡಿ ಕಟ್ಟಿದ. ೧೯೯೫ರಲ್ಲಿ, ಮೊದಲ ಹಡಗು ಬಂದ ನೂರೈವತ್ತನೆಯ ವರ್ಷದ ಹೊತ್ತಿಗೆ, ಅದನ್ನು ಭದ್ರವಾಗಿ ಪುನರ್ನಿರ್ಮಿಸಿದರು. ಅವನ ಗುಡಿ ಉಳಿದಿದೆ. ಕಬ್ಬಿನ ಸರಕಾರಿ ಕಂಪನಿ ೨೦೦೩ರಲ್ಲಿ ಬಾಗಿಲು ಹಾಕಿತು.

ಇಷ್ಟು ಬರೆದು ತೋರಿಸಿದಾಗ ಮನೆಯಾಕೆ ಮತ್ತೆ ಪೆನ್ಸಿಲ್ ಹಿಡಿದಳು. "ಎಲ್ಲವೂ ನಮ್ಮವೇ ಆದವಲ್ಲ! ಅಷ್ಟು ದೂರ ಹೋಗಿ ನಮ್ಮ ಮುಖವನ್ನೇ ನೋಡಿಕೊಂಡು ಬರುವುದೆ?" ಪಾಠ ಕಲಿತೆನೆಂದುಕೊಂಡಿದ್ದ ನಾನು ಮತ್ತೆ ಅದೇ ಹಳ್ಳಕ್ಕೆ ಬಿದ್ದಿದ್ದೆ. ಆದ್ದರಿಂದ ಒಂದಿಡೀ ಸಂಜೆಯನ್ನು ಪೋರ್ಟ್ ಆಫ್ ಸ್ಪೇನಿನ ಸ್ಟೀಲ್‌ಪ್ಯಾನ್ ವಾದ್ಯಕ್ಕೆ ಮೀಸಲಿಟ್ಟೆವು. ಅದರ ಹುಟ್ಟನ್ನು ಕೇಳಿರಿ. ಬಿಡುಗಡೆ ಹೊಂದಿದ ಆಫ್ರಿಕನ್ನರ ಮೆರವಣಿಗೆಗೆ ಆಳರಸರು ಹೆದರಿದರು; ೧೮೮೧ರಲ್ಲಿ ಪೊಲೀಸರೊಡನೆ ಬೀದಿಕಾಳಗವೇ ನಡೆಯಿತು; ಬಳಿಕ ಡೋಲು ಬಾರಿಸಲು ನಿರ್ಬಂಧ ಬಂತು. ಜನ ಬೇರೆ ಬೇರೆ ಉದ್ದದ ಬಿದಿರಿನ ಕೊಳವೆಗಳನ್ನು ನೆಲಕ್ಕೆ ಕುಟ್ಟಿ ತಾಳ ಹಿಡಿದರು. ೧೯೩೦ರ ದಶಕದಲ್ಲಿ ಬಿಸ್ಕತ್ತಿನ ಡಬ್ಬಿ, ಬಣ್ಣದ ಡಬ್ಬಿಗಳು ಬಂದವು. ಆಮೇಲೆ ತೈಲದ ಖಾಲಿ ಪೀಪಾಯಿಗಳು. ಪೀಪಾಯಿಯ ತಳವನ್ನು ಸುತ್ತಿಗೆಯಿಂದ ಬಡಿದು ಗುಳಿ ಮಾಡಿ, ಒಂದೊಂದು ಉಬ್ಬಿಗೂ ಒಂದೊಂದು ಸ್ವರ ಕೂರಿಸಿದರು. ಕೇರಿಯ ಪುಂಡರ ಗದ್ದಲವೆಂದು ಹಿಂದೆ ಮೂಗು ಮುರಿದ ನಾಡೇ ೧೯೯೨ರಲ್ಲಿ ಅದನ್ನು ರಾಷ್ಟ್ರವಾದ್ಯವೆಂದು ಸಾರಿತು. ೨೦೨೫ರ ಜನವರಿಯಲ್ಲಿ ರಾಷ್ಟ್ರಲಾಂಛನದಿಂದ ಕೊಲಂಬಸನ ಮೂರು ಹಡಗುಗಳನ್ನು ತೆಗೆದು ಆ ಜಾಗದಲ್ಲಿ ಈ ವಾದ್ಯವನ್ನು ಇಡಲು ಕಾಯಿದೆ ಮಾಡಿತು. ಆ ನಾಡಿನ ಚರಿತ್ರೆಯನ್ನು ಇದಕ್ಕಿಂತ ಚುಟುಕಾಗಿ ಹೇಳಲು ಸಾಧ್ಯವೆ?

ಒಂದು ಸಾಯಂಕಾಲ ಕರೋನಿ ಜೌಗಿನಲ್ಲಿ ದೋಣಿ ಹತ್ತುವುದು. ರಾಷ್ಟ್ರಪಕ್ಷಿಯಾದ ಕೆಂಪು ಐಬಿಸ್ ಹಕ್ಕಿಗಳು ಮುಳುಗುವ ಹೊತ್ತಿಗೆ ಗುಂಪುಗುಂಪಾಗಿ ಬಂದು ಕಾಂಡ್ಲದ ಮರಗಳ ಮೇಲೆ ಕೂರುತ್ತವಂತೆ. ತಿಂಡಿಗೆ 'ಡಬಲ್ಸ್': ಹಳದಿ ಬಣ್ಣದ ಎರಡು ಮೆತ್ತನೆಯ ಬರಾಗಳ ನಡುವೆ ಬೇಯಿಸಿದ ಕಡಲೆ. ಬೀದಿಬದಿಯಲ್ಲಿ ನಿಂತೇ ತಿನ್ನಬೇಕು. ಬಿಹಾರದಲ್ಲಿ ಇದು ಹೀಗಿಲ್ಲ, ಆಫ್ರಿಕದಲ್ಲೂ ಇಲ್ಲ. ಆ ದ್ವೀಪದಲ್ಲೇ ಹುಟ್ಟಿದ್ದು. ತಿನ್ನುವವರ ಸಾಲಿನಲ್ಲಿ ಯಾರು ಯಾವ ಮೂಲದವರೆಂದು ಯಾರೂ ಕೇಳುವುದಿಲ್ಲ.

ನಡುವಿನ ನಾಲ್ಕು ದಿನ ಟೊಬೇಗೊ. ಹಡಗಿನಲ್ಲಿ ಕೆಲವು ಗಂಟೆ, ವಿಮಾನದಲ್ಲಿ ಅರ್ಧ ಗಂಟೆಗೂ ಕಡಮೆ. ಬಿಳಿಯ ಮರಳು, ತಿಳಿಯಾದ ನೀರು, ಪಿಜನ್ ಪಾಯಿಂಟ್, ಗಾಜಿನ ತಳದ ದೋಣಿಯಲ್ಲಿ ಬುಕ್ಕೂ ಹವಳದ ದಿಬ್ಬ. ಹವಳ ಜೀವವಿರುವ ವಸ್ತು, ತುಳಿಯಬಾರದು ಎಂದು ಮೊಮ್ಮಗನಿಗೆ ಈಗಲೇ ಹೇಳಿಕೊಟ್ಟಿದೆ. ಅಲ್ಲಿಯ ಬೆನ್ನುಗುಡ್ಡದ ಕಾಡನ್ನು ೧೭೭೬ರಷ್ಟು ಹಿಂದೆಯೇ, ಮರ ಕಡಿದರೆ ಮಳೆ ಹೋದೀತೆಂಬ ತಿಳಿವಿನಿಂದ, ಕಾಯಿದೆ ಮಾಡಿ ಕಾಪಿಟ್ಟರು. ಜಗತ್ತಿನ ಅತಿ ಹಳೆಯ ರಕ್ಷಿತ ಅರಣ್ಯಗಳಲ್ಲಿ ಅದೊಂದು. ಈ ನಾಲ್ಕು ದಿನ ನನ್ನ ಹಾಳೆಯಲ್ಲಿ ಬೇರೇನೂ ಬರೆದಿಲ್ಲ. ಅವು ಆಕೆಯ ದಿನಗಳು.

ಮರಳಿ ಬಂದ ಮೇಲೆ ಟ್ರಿನಿಡಾಡಿನ ಉತ್ತರ ತೀರದ ಮರಾಕಸ್. ಬೆಟ್ಟದಿಂದ ಇಳಿಯುವ ದಾರಿ, ತೆಂಗಿನ ಮರಗಳು, ದೊಡ್ಡ ಅಲೆ. ಅಲ್ಲಿ ಕಾವಲಿನವರು ಬಾವುಟ ನೆಟ್ಟಿರುತ್ತಾರೆ. ಅವರು ತೋರಿಸಿದ ಕಡೆಯೇ ಇಳಿಯಬೇಕು, ಕೆಂಪು ಬಾವುಟವಿದ್ದಲ್ಲಿ ಇಳಿಯಲೇಬಾರದು.

ಎಲ್ಲ ಸಿದ್ಧವಾಯಿತೆಂದುಕೊಳ್ಳುವಾಗ, ಒಂದು ರಾತ್ರಿ, ದೀಪ ಆರಿಸಿದ ಮೇಲೆ ಆಕೆ ಕೇಳಿದಳು: "ಮನೆಮಠ ಬಿಟ್ಟು ಅಳುತ್ತ ಬಂದವರು ಇಳಿದ ನೀರು ಅದು. ಅದರಲ್ಲಿ ನಾವು ಸಂತೋಷಕ್ಕೆ ಇಳಿಯುವುದು ಸರಿಯೆ?" ನನ್ನ ಬಳಿ ಉತ್ತರವಿರಲಿಲ್ಲ. ವರ್ಷಗಟ್ಟಲೆ ಪಾಠ ಹೇಳಿದವನಿಗೆ ಇಂಥ ಪ್ರಶ್ನೆಯನ್ನು ತರಗತಿಯಲ್ಲಿ ಯಾರೂ ಹಾಕಿರಲಿಲ್ಲ. ಮರುದಿನ ಮಗಳ ಮೂಲಕ ಆ ಕೂವಾ ಊರಿನ ಹೆಣ್ಣುಮಗಳನ್ನೇ ಕೇಳಿಸಿದೆವು. ಅವಳು ನಕ್ಕು ಹೇಳಿದ್ದು ಇಷ್ಟು: "ಕಾರ್ತಿಕದ ಹುಣ್ಣಿಮೆಯ ದಿನ ಮಾನ್ಜ಼ನಿಲ್ಲಾ ತೀರಕ್ಕೆ ಬರಲು ಹೇಳಿ. ನಮ್ಮ ನಾನಿ ಪ್ರತಿವರ್ಷ ನಮ್ಮನ್ನು ಅಲ್ಲಿಗೆ ಕರೆದೊಯ್ಯುತ್ತಿದ್ದಳು. ಮೊದಲು ಪೂಜೆ, ಆಮೇಲೆ ಸ್ನಾನ, ಆಮೇಲೆ ಮಕ್ಕಳನ್ನು ನೀರಿನಿಂದ ಎಳೆದು ತರುವುದೇ ಕೆಲಸ."

ದ್ವೀಪದ ಪೂರ್ವದಂಡೆಯಲ್ಲಿ, ಅಟ್ಲಾಂಟಿಕ್ ಸಾಗರದ ಅಲೆಗಳಲ್ಲಿ, ಆ ದಿನ ಸಾವಿರಾರು ಮಂದಿ ಮೀಯುತ್ತಾರೆ. ಅವರು ಅದನ್ನು ಕಾರ್ತಿಕ್ ನಹಾನ್ ಎಂದು ಕರೆಯುತ್ತಾರೆ. ಅಜ್ಜ ಅಜ್ಜಿಯರನ್ನು ಹೊತ್ತುತಂದ ಸಾಗರವನ್ನೇ ಮೊಮ್ಮಕ್ಕಳು ತೀರ್ಥವಾಗಿಸಿಕೊಂಡಿದ್ದಾರೆ, ಮಕ್ಕಳು ಅದನ್ನೇ ಆಟವಾಗಿಸಿಕೊಂಡಿದ್ದಾರೆ. ಕಡಲು ಬೇರೆ, ಸಂಸ್ಕೃತಿ ಬೇರೆ ಎಂದು ಎರಡು ಪಟ್ಟಿ ಮಾಡಿದ್ದ ನನ್ನ ಅವಿವೇಕ ಆಗ ಅರ್ಥವಾಯಿತು. ಆ ದ್ವೀಪದಲ್ಲಿ ಎರಡಕ್ಕೂ ಪಟ್ಟಿ ಒಂದೇ.

ಹದಿನೈದನೆಯ ದಿನದ ಎದುರು ಈಗ ಆಕೆಯೇ ತನ್ನ ಕೈಯಾರೆ ಬರೆದಿದ್ದಾಳೆ: ಮಾನ್ಜ಼ನಿಲ್ಲಾ, ಬೆಳಗ್ಗೆ. ಅದರ ಕೆಳಗೆ ಇನ್ನೊಂದು ಸಾಲು: ಮೂರು ಮುಳುಗು, ಆಮೇಲೆ ಸಾಕೆನಿಸುವವರೆಗೆ.